ಐಸ್‌ಲ್ಯಾಂಡಿನ ಚಳಿಗಾಲದಲ್ಲಿ ಒಂದು ದಿನದ ಸುತ್ತಾಟ: ಸೂರ್ಯಾಸ್ತದಿಂದ ಹಿಂದಕ್ಕೆ ಲೆಕ್ಕ ಹಾಕುವ ಕ್ರಮ

ಐಸ್‌ಲ್ಯಾಂಡಿಗೆ ಚಳಿಗಾಲದಲ್ಲಿ ಹೊರಟವರು ಮೊದಲು ಕೇಳುವುದು ಅಲ್ಲಿ ಚಳಿ ಎಷ್ಟಿರುತ್ತದೆ ಎಂದು. ರಾಜಧಾನಿ ರೇಕ್ಯಾವಿಕ್‌ನಲ್ಲಿ ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ ಎಂದರೆ ಹೆಚ್ಚಿನವರು ನಂಬುವುದಿಲ್ಲ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವೊಂದು ಆ ದ್ವೀಪದ ಬದಿಯಲ್ಲೇ ಹಾದುಹೋಗುವುದರಿಂದ, ನಮ್ಮ ಲೇಹ್‌ನ ಜನವರಿಗೆ ಹೋಲಿಸಿದರೆ ಅಲ್ಲಿಯದು ಸೌಮ್ಯವಾದ ಚಳಿ. ತೊಂದರೆ ಹುಟ್ಟುವುದೂ ಆ ಸೌಮ್ಯತೆಯಿಂದಲೇ. ಸೊನ್ನೆಯ ಮೇಲೆ ಕೆಳಗೆ ತೂಗಾಡುವ ಹವೆಯಲ್ಲಿ ಹಗಲು ಕರಗಿದ ಹಿಮ ಸಂಜೆ ಮತ್ತೆ ಹೆಪ್ಪುಗಟ್ಟಿ, ರಸ್ತೆಗೂ ಕಾಲುದಾರಿಗೂ ಗಾಜು ಹಾಸಿದಂತಾಗುತ್ತದೆ. ಅಡ್ಡ ನಿಲ್ಲಲು ಕಾಡುಗಳೇ ಇಲ್ಲದ ಬಯಲಿನಲ್ಲಿ ಗಾಳಿಗೆ ತಡೆಯಿಲ್ಲ. ಹಗಲಂತೂ ಕೈಯಲ್ಲಿ ಹಿಡಿದಷ್ಟೇ. ಆದ್ದರಿಂದ ಅಲ್ಲಿ ಕತ್ತಲೆ, ಜಾರುವ ನೆಲ ಮತ್ತು ಗಾಳಿಗೆ ಮೊದಲು ಸಿದ್ಧರಾಗಬೇಕು, ಚಳಿಯ ಸರದಿ ಬರುವುದು ಅವುಗಳ ನಂತರ.

ನಾನು ಎರಡು ಚಳಿಗಾಲಗಳಲ್ಲಿ ಅಲ್ಲಿ ಸುತ್ತಾಡಿದ್ದೇನೆ. ಮೊದಲ ಸಲ ಮಾಡಿದ ತಪ್ಪೇನೆಂದರೆ, ನೋಡಬೇಕಾದ ಜಾಗಗಳ ಪಟ್ಟಿಯನ್ನು ಮೊದಲು ಬರೆದುಕೊಂಡು, ಆಮೇಲೆ ಅದನ್ನು ದಿನದೊಳಗೆ ತುರುಕಲು ಹೊರಟದ್ದು. ಎರಡನೆಯ ಸಲ ಲೆಕ್ಕವನ್ನು ತಿರುಗಿಸಿ ಹಾಕಿದೆ: ಸೂರ್ಯ ಮುಳುಗುವುದು ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ದಾಟಲೇಬೇಕಾದ ಕಷ್ಟದ ರಸ್ತೆ ಯಾವುದು, ಹಾಗಾದರೆ ಕೊನೆಯ ಜಾಗವನ್ನು ಎಷ್ಟು ಗಂಟೆಗೆ ಬಿಡಬೇಕು ಎಂದು ಹಿಂದಕ್ಕೆ ಎಣಿಸುತ್ತ ಬಂದೆ. ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿದೆ. ರೇಕ್ಯಾವಿಕ್‌ನಿಂದ ಹೊರಟು ಸಂಜೆಯೊಳಗೆ ಮರಳುವ ‘ಗೋಲ್ಡನ್ ಸರ್ಕಲ್’ ಎಂಬ ಪ್ರಸಿದ್ಧ ಸುತ್ತನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಹಂತ 1: ಬೆಳಕಿನ ಲೆಕ್ಕ

ಡಿಸೆಂಬರ್ 21ರ ಸುಮಾರಿಗೆ ರೇಕ್ಯಾವಿಕ್‌ನಲ್ಲಿ ಸೂರ್ಯ ಹುಟ್ಟುವಾಗ ಬೆಳಿಗ್ಗೆ ಹೆಚ್ಚುಕಡಿಮೆ 11.20 ಆಗಿರುತ್ತದೆ, ಮಧ್ಯಾಹ್ನ 3.30ಕ್ಕೆಲ್ಲ ಮುಳುಗಿಬಿಡುತ್ತಾನೆ. ನಾಲ್ಕು ಗಂಟೆಯ ಹಗಲು, ಅದೂ ದಿಗಂತಕ್ಕೆ ಅಂಟಿಕೊಂಡೇ ಸಾಗುವ ಸೂರ್ಯನ ಓರೆ ಬಿಸಿಲು. ನವೆಂಬರ್ ಮಧ್ಯದಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ ಬೆಳಕಿರುತ್ತದೆ. ಫೆಬ್ರವರಿ ಮಧ್ಯದಲ್ಲಿ ಸುಮಾರು 9.25ರಿಂದ 6 ಗಂಟೆಯವರೆಗೆ. ಮಾರ್ಚ್ ಮೊದಲ ದಿನಗಳಲ್ಲಿ ಸುಮಾರು 8.35ರಿಂದ 6.45ರವರೆಗೆ. ಆ ದೇಶ ವರ್ಷವಿಡೀ ಗ್ರೀನಿಚ್ ಕಾಲವನ್ನೇ ಅನುಸರಿಸುತ್ತದೆ, ಅಂದರೆ ಭಾರತಕ್ಕಿಂತ ಐದೂವರೆ ಗಂಟೆ ಹಿಂದೆ. ಆದರೆ ರೇಕ್ಯಾವಿಕ್ ಇರುವುದು ಗ್ರೀನಿಚ್‌ನಿಂದ 22 ಡಿಗ್ರಿ ಪಶ್ಚಿಮಕ್ಕೆ. ಹಾಗಾಗಿ ಅಲ್ಲಿ ನಿಜವಾದ ನಡುಹಗಲು ಬರುವುದು ಗಡಿಯಾರದಲ್ಲಿ ಸುಮಾರು ಒಂದೂವರೆ ಗಂಟೆಯಾದಾಗ. ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿಯಾಚೆ ಕಗ್ಗತ್ತಲೆ ಕಂಡು ಮತ್ತೆ ಮಲಗಿಬಿಟ್ಟವರು ಅನೇಕರಿದ್ದಾರೆ.

ಸೂರ್ಯೋದಯಕ್ಕೆ ಮುಂಚಿನ ಮತ್ತು ಸೂರ್ಯಾಸ್ತದ ನಂತರದ ಸುಮಾರು ಒಂದು ಗಂಟೆಯ ಮಬ್ಬು ಬೆಳಕನ್ನು ಈ ಲೆಕ್ಕಕ್ಕೆ ಸೇರಿಸಬಹುದಾದರೂ, ಬೆಳಗಿನದನ್ನು ಮಾತ್ರ ಬಳಸಿ, ಸಂಜೆಯದನ್ನು ಬಳಸಬೇಡಿ ಎಂಬುದು ನನ್ನ ಸಲಹೆ. ಬೆಳಗಿನ ಮಬ್ಬಿನಲ್ಲಿ ಹೊರಟರೆ ಹೊತ್ತು ಹೋದಂತೆಲ್ಲ ದಾರಿ ತಿಳಿಯಾಗುತ್ತ ಬರುತ್ತದೆ. ಸಂಜೆಯ ಮಬ್ಬನ್ನು ಏನಾದರೂ ತಡವಾದರೆ ಇರಲಿ ಎಂದು ಮೀಸಲಿಡಬೇಕು. ಮೊದಲ ಬಾರಿ ಹೋಗುವವರಿಗೆ ಫೆಬ್ರವರಿಯ ಉತ್ತರಾರ್ಧದಿಂದ ಮಾರ್ಚ್ ಮಧ್ಯದವರೆಗಿನ ಅವಧಿ ಎಲ್ಲಕ್ಕಿಂತ ಅನುಕೂಲ: ಹಿಮವೂ ಇರುತ್ತದೆ, ಹಗಲೂ ಸಾಕಷ್ಟಿರುತ್ತದೆ, ಉತ್ತರದ ಬೆಳಕಿಗೆ (ರಾತ್ರಿ ಆಕಾಶದಲ್ಲಿ ಆಡುವ ಹಸಿರು ಬೆಳಕು, ಅರೋರಾ) ಬೇಕಾದ ಕತ್ತಲೆಯೂ ಉಳಿದಿರುತ್ತದೆ.

ಹಂತ 2: ಬೆಳಕಿಗೆ ತಕ್ಕ ದಾರಿ

ಗೋಲ್ಡನ್ ಸರ್ಕಲ್ ಸುಮಾರು 230–240 ಕಿಲೋಮೀಟರಿನ ಸುತ್ತು. ರೇಕ್ಯಾವಿಕ್‌ನಿಂದ ಥಿಂಗ್‌ವೆಲ್ಲಿರ್ ರಾಷ್ಟ್ರೀಯ ಉದ್ಯಾನಕ್ಕೆ 50 ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಅಲ್ಲಿಂದ ಗೇಸಿರ್ ಬಿಸಿನೀರಿನ ಬಯಲಿಗೆ ಸುಮಾರು 60, ಅಲ್ಲಿಂದ ಗುಲ್‌ಫಾಸ್ ಜಲಪಾತಕ್ಕೆ ಕೇವಲ 10. ಅಲ್ಲಿಂದ ಸೆಲ್‌ಫಾಸ್ ಪಟ್ಟಣದ ಮೂಲಕ ರಾಜಧಾನಿಗೆ ಹೆಚ್ಚುಕಡಿಮೆ 120. ಬೇಸಿಗೆಯಲ್ಲಿ ಬರಿಯ ಓಡಾಟಕ್ಕೆ ಮೂರೂವರೆ ಗಂಟೆ ಸಾಕು. ಚಳಿಗಾಲದಲ್ಲಿ ಐದು ಗಂಟೆ ಇಟ್ಟುಕೊಳ್ಳುವುದು ಕ್ಷೇಮ.

ಈ ಸುತ್ತಿನ ದೊಡ್ಡ ಗುಣವೆಂದರೆ ಅರ್ಧಕ್ಕೆ ನಿಲ್ಲಿಸಬಹುದು. ಥಿಂಗ್‌ವೆಲ್ಲಿರ್ ನೋಡಿದ ಮೇಲೆ ಹವೆ ಕೆಟ್ಟರೆ ಬಂದ ದಾರಿಯಲ್ಲೇ ಮರಳಿದರಾಯಿತು. ದಕ್ಷಿಣ ಕರಾವಳಿಯ ವೀಕ್ ಹಳ್ಳಿಗೆ ಹೋಗುವ ದಾರಿಗೆ ಈ ಗುಣವಿಲ್ಲ. ಒಂದು ಕಡೆಗೇ ಸುಮಾರು 185 ಕಿಲೋಮೀಟರು, ಅದೇ ದಾರಿಯಲ್ಲಿ ವಾಪಸು. ಡಿಸೆಂಬರಿನಲ್ಲಿ ಹೋಗಿ ಬರುವಷ್ಟಕ್ಕೇ ಇಡೀ ಹಗಲು ಮುಗಿಯುತ್ತದೆ. ವೀಕ್ ಬಳಿಯ ರೇನಿಸ್‌ಫ್ಯಾರಾ ಎಂಬ ಕಪ್ಪು ಮರಳಿನ ದಂಡೆಯಲ್ಲಿ ಶಾಂತವಾಗಿ ತೋರುವ ಸಮುದ್ರ ಇದ್ದಕ್ಕಿದ್ದಂತೆ ಬಹುದೂರ ಮೇಲೇರಿ ಬಂದು ಪ್ರವಾಸಿಗರನ್ನು ಎಳೆದೊಯ್ದ ಘಟನೆಗಳು ಮತ್ತೆ ಮತ್ತೆ ನಡೆದಿವೆ. ಅಲ್ಲಿಗೆ ಹೋದವರು ದೀಪದ ಎಚ್ಚರಿಕೆ ಫಲಕ ಏನು ಹೇಳುತ್ತದೆಂದು ಮೊದಲು ಓದಬೇಕು, ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಲೇಬಾರದು. ಆ ದಾರಿಗೆ ಎರಡು ದಿನ ಇಟ್ಟುಕೊಂಡು ನಡುವೆ ಒಂದು ರಾತ್ರಿ ಉಳಿಯುವುದು ಒಳ್ಳೆಯದು.

ಹಂತ 3: ಕಾರೋ, ಬಸ್ಸೋ

ಹಿಮದ ಮೇಲೆ ಎಂದೂ ವಾಹನ ಓಡಿಸದವರು ಬಸ್ಸು ಹತ್ತಬೇಕು. ಇದನ್ನು ಮೆದುವಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ. “ಇಪ್ಪತ್ತು ವರ್ಷ ಶಿರಾಡಿ ಘಾಟಿಯಲ್ಲಿ ಓಡಿಸಿದ ಕೈ ಇದು” ಎನ್ನುವವರು ನಮ್ಮ ಕಡೆ ಇದ್ದಾರೆ. ಮಳೆ, ತಿರುವು, ಮಂಜಿನಲ್ಲಿ ಪಳಗಿದ ಆ ಕೈಗೆ ಗೌರವ ಸಲ್ಲಲೇಬೇಕು. ಆದರೆ ಮಂಜುಗಡ್ಡೆಯ ಮೇಲೆ ಬ್ರೇಕ್ ಒತ್ತಿದಾಗ ಕಾರು ನಿಲ್ಲದೆ ಸಾಗುತ್ತಲೇ ಇರುವ ಅನುಭವ ಯಾವ ಘಾಟಿಯೂ ಕಲಿಸುವುದಿಲ್ಲ. ಸಾಲದ್ದಕ್ಕೆ ಅಲ್ಲಿ ವಾಹನಗಳು ಚಲಿಸುವುದು ರಸ್ತೆಯ ಬಲಬದಿಯಲ್ಲಿ. ಐಸ್‌ಲ್ಯಾಂಡಿನವರೂ ಒಂದು ಕಾಲಕ್ಕೆ ನಮ್ಮಂತೆ ಎಡಬದಿಯವರೇ ಆಗಿದ್ದು, 1968ರ ಮೇ 26ರಂದು ಇಡೀ ದೇಶ ಬಲಕ್ಕೆ ಬದಲಾಯಿತು. ಅವರಿಗೆ ಸಿದ್ಧವಾಗಲು ಕಾಲಾವಕಾಶವಿತ್ತು, ವಿಮಾನ ಇಳಿದು ನೇರವಾಗಿ ಕಾರು ಹತ್ತುವ ನಮಗೆ ಅದಿಲ್ಲ.

ಬಸ್ಸಿನವರಿಗೆ ಒಂದೇ ಸೂಚನೆ. ರೇಕ್ಯಾವಿಕ್‌ನ ನಡುಭಾಗಕ್ಕೆ ದೊಡ್ಡ ಬಸ್ಸುಗಳಿಗೆ ಪ್ರವೇಶವಿಲ್ಲದ್ದರಿಂದ ಅವು ಹೋಟೆಲಿನ ಬಾಗಿಲಿಗೆ ಬಾರದೆ ಸಂಖ್ಯೆ ಹಾಕಿದ ನಿಗದಿತ ನಿಲ್ದಾಣಗಳಿಂದ ಪ್ರವಾಸಿಗರನ್ನು ಹತ್ತಿಸಿಕೊಳ್ಳುತ್ತವೆ. ನಿಮ್ಮ ನಿಲ್ದಾಣದ ಸಂಖ್ಯೆ ಯಾವುದೆಂದು ಹಿಂದಿನ ದಿನವೇ ನೋಡಿ, ಹಗಲು ಹೊತ್ತಿನಲ್ಲಿ ಒಮ್ಮೆ ಅಲ್ಲಿಯವರೆಗೆ ನಡೆದು ಬನ್ನಿ. ಹವೆ ಕೆಟ್ಟು ಪ್ರವಾಸ ರದ್ದಾದರೆ ಹಣ ಮರಳುತ್ತದೆಯೋ ಬೇರೆ ದಿನ ಸಿಗುತ್ತದೆಯೋ ಎಂಬುದನ್ನು ಟಿಕೆಟು ಕೊಳ್ಳುವ ಮೊದಲೇ ಓದಿಕೊಳ್ಳಿ.

ಕಾರಿನವರ ಕೆಲಸ ಹೆಚ್ಚು. ಊರಿನ ಆರ್‌ಟಿಓ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು, ಅದರ ಜೊತೆ ಮೂಲ ಲೈಸೆನ್ಸನ್ನೂ ಒಯ್ಯಿರಿ. ಕಾರನ್ನು ಕಾದಿರಿಸುವಾಗ ಚಳಿಗಾಲದ ಸ್ಟಡ್ ಟೈರ್, ಅಂದರೆ ಮೈತುಂಬ ಲೋಹದ ಮೊಳೆಗಳಿರುವ ಚಕ್ರ, ಇದೆಯೇ ಎಂದು ಬರಹದಲ್ಲಿ ಕೇಳಿ. ನವೆಂಬರ್ ಮೊದಲಿಂದ ಏಪ್ರಿಲ್ ಮಧ್ಯದವರೆಗೆ ಅವುಗಳಿಗೆ ಕಾನೂನಿನ ಅನುಮತಿಯಿದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಕಾರು ಸಿಕ್ಕರೆ ಒಳ್ಳೆಯದೇ, ಆದರೆ ಅದು ನಿಂತಲ್ಲಿಂದ ಹೊರಡಲು ನೆರವಾಗುತ್ತದೆಯೇ ಹೊರತು ಬೇಗ ನಿಲ್ಲಲು ನೆರವಾಗುವುದಿಲ್ಲ. ಈ ವ್ಯತ್ಯಾಸ ತಿಳಿಯದ ಧೈರ್ಯವೇ ಎಷ್ಟೋ ಕಾರುಗಳನ್ನು ರಸ್ತೆ ಬದಿಗೆ ಉರುಳಿಸುತ್ತದೆ. ಮಕ್ಕಳಿದ್ದರೆ ಅವರ ಎತ್ತರಕ್ಕೆ ತಕ್ಕ ಆಸನವನ್ನು ಮೊದಲೇ ಕೇಳಿ ಇಡಿ.

ವಿಮೆಯ ಕಾಗದದಲ್ಲಿ ಗಾಳಿಗೆ ಕಿತ್ತುಬಂದ ಬಾಗಿಲಿನ ವಿಷಯ ಏನಿದೆ ಎಂದು ಹುಡುಕಿ ಓದಿ. ಸಾಮಾನ್ಯವಾಗಿ ಅದು ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಜೊತೆ ಬಂದಿದ್ದ ಸ್ನೇಹಿತರೊಬ್ಬರು ಗುಲ್‌ಫಾಸ್‌ನ ವಾಹನ ನಿಲ್ದಾಣದಲ್ಲಿ ಬಾಗಿಲ ಹಿಡಿಯನ್ನು ಎಂದಿನಂತೆ ಎರಡು ಬೆರಳಲ್ಲಿ ಎಳೆದರು ಅಷ್ಟೆ. ಹಿಂದಿನಿಂದ ಬಂದ ಗಾಳಿ ಬಾಗಿಲನ್ನು ಅವರ ಕೈಯಿಂದ ಕಸಿದು ಮುಂದಕ್ಕೆ ಮಡಚಿತು, ಕಬ್ಬಿಣ ಕಿರುಗುಟ್ಟಿತು, ಆಮೇಲೆ ಬಾಗಿಲು ಪೂರ್ತಿ ಮುಚ್ಚಲೇ ಇಲ್ಲ. ಮರಳುವ 120 ಕಿಲೋಮೀಟರು ಅವರು ಅದನ್ನು ಮಫ್ಲರಿನಿಂದ ಕಟ್ಟಿ ಹಿಡಿದುಕೊಂಡೇ ಕುಳಿತಿದ್ದರು. ಕಾರನ್ನು ಸಾಧ್ಯವಾದಷ್ಟೂ ಗಾಳಿಗೆ ಮುಖಮಾಡಿ ನಿಲ್ಲಿಸುವುದು, ಒಂದು ಸಲಕ್ಕೆ ಒಂದೇ ಬಾಗಿಲು ತೆರೆಯುವುದು, ತೆರೆಯುವಾಗ ಎರಡೂ ಕೈಯಲ್ಲಿ ಹಿಡಿಯುವುದು, ಹಿಂದಿನ ಸೀಟಿನ ಮಕ್ಕಳ ಬಾಗಿಲನ್ನು ದೊಡ್ಡವರೇ ಹೊರಗಿನಿಂದ ತೆಗೆಯುವುದು ನಾವು ಅಂದು ಕಲಿತ ಪಾಠ.

ಹಂತ 4: ಹಿಂದಿನ ರಾತ್ರಿ ಮತ್ತು ಹೊರಡುವ ಬೆಳಿಗ್ಗೆ

ಮೂರು ಜಾಲತಾಣಗಳನ್ನು ಫೋನಿನಲ್ಲಿ ಗುರುತು ಹಾಕಿ ಇಟ್ಟುಕೊಳ್ಳಬೇಕು. ಹವಾಮಾನ ಇಲಾಖೆಯ ‘ವೇದುರ್ ಡಾಟ್ ಐಎಸ್’, ರಸ್ತೆ ಇಲಾಖೆಯ ‘ಉಮ್‌ಫೆರ್ದಿನ್ ಡಾಟ್ ಐಎಸ್’ (ಅಕ್ಷರಗಳು: ಯು, ಎಂ, ಎಫ್, ಇ, ಆರ್, ಡಿ, ಐ, ಎನ್), ಮತ್ತು ಪ್ರವಾಸಿಗರ ಸುರಕ್ಷತೆಗಾಗಿ ಇರುವ ‘ಸೇಫ್‌ಟ್ರಾವೆಲ್ ಡಾಟ್ ಐಎಸ್’. ಮೂರೂ ಇಂಗ್ಲಿಷಿನಲ್ಲಿ ಸಿಗುತ್ತವೆ. ಫೋನಿನ ಜೊತೆ ಬರುವ ಸಾಮಾನ್ಯ ಹವಾಮಾನ ಆ್ಯಪನ್ನು ನೆಚ್ಚಬೇಡಿ. ಅದು ಮೋಡದ ಚಿತ್ರ ಮತ್ತು ಉಷ್ಣಾಂಶ ತೋರಿಸಿ ಸುಮ್ಮನಾಗುತ್ತದೆ, ನಿಮಗೆ ಬೇಕಾದದ್ದು ಗಾಳಿಯ ವೇಗ.

ಗಾಳಿಯ ವೇಗವನ್ನು ಅಲ್ಲಿ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಕೊಡುತ್ತಾರೆ, 3.6ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ತಿಳಿಯುತ್ತದೆ. 10 ಎಂದರೆ 36, ಹೋಗಬಹುದು. 15 ಎಂದರೆ 54, ಎತ್ತರದ ಹಗುರ ವಾಹನಗಳಿಗೆ ಆಗಲೇ ಕಷ್ಟ, ಹೊಸಬರು ಯೋಜನೆಯನ್ನು ಅರ್ಧಕ್ಕೆ ಇಳಿಸಬೇಕು. 20 ಎಂದರೆ 72. ಅಷ್ಟು ಕಂಡರೆ ನಾನು ಹೊರಡುವುದೇ ಇಲ್ಲ. ಇದು ಸರಾಸರಿಯ ಲೆಕ್ಕ, ಬೀಸಿ ಬರುವ ರಭಸ ಇದಕ್ಕಿಂತ ಬಹಳ ಹೆಚ್ಚಿರುತ್ತದೆ. ಹಳದಿ, ಕಿತ್ತಳೆ, ಕೆಂಪು ಎಂಬ ಮೂರು ಮಟ್ಟದ ಎಚ್ಚರಿಕೆಗಳನ್ನು ಇಲಾಖೆ ಪ್ರದೇಶವಾರು ಪ್ರಕಟಿಸುತ್ತದೆ. ಹಳದಿಯಿದ್ದ ದಿನ ಬಸ್ಸಿನವರು ಏನು ತೀರ್ಮಾನಿಸುತ್ತಾರೆಂದು ನೋಡಿ ಅದನ್ನು ಅನುಸರಿಸಿ. ಕಿತ್ತಳೆ ಅಥವಾ ಕೆಂಪು ಇದ್ದ ದಿನ ಚರ್ಚೆಗೆ ಅವಕಾಶವೇ ಇಲ್ಲ.

ರಸ್ತೆ ನಕ್ಷೆಯಲ್ಲೂ ದಾರಿಬದಿಯ ಫಲಕಗಳಲ್ಲೂ ಕೆಲವು ಐಸ್‌ಲ್ಯಾಂಡಿಕ್ ಪದಗಳು ಎದುರಾಗುತ್ತವೆ. ‘ಹೌಲ್ಕಾ’ ಎಂದರೆ ಜಾರುವ ರಸ್ತೆ. ‘ಫ್ಲುಗ್‌ಹೌಲ್ಕಾ’ ಎಂದರೆ ವಿಪರೀತ ಜಾರು, ನಮ್ಮ ಲೆಕ್ಕದಲ್ಲಿ ಮುಚ್ಚಿದ ರಸ್ತೆಗೆ ಸಮ. ‘ಓಫೈರ್ತ್’ ಎಂದರೆ ಹಾದುಹೋಗಲಾಗದ್ದು, ‘ಲೋಕಾಥ್’ ಎಂದರೆ ಮುಚ್ಚಿದೆ. ಹಿಮ ಬೀಳದಿದ್ದರೂ ನೆಲದ ಹಿಮವನ್ನೇ ಗಾಳಿ ಎಬ್ಬಿಸಿ ರಸ್ತೆಯ ಮೇಲೆ ಹರಿಸುವುದಕ್ಕೂ ಅವರಲ್ಲಿ ಒಂದು ಪದವಿದೆ, ‘ಸ್ಕಾವ್‌ರೆನ್ನಿಂಗುರ್’. ಆಕಾಶ ನೀಲಿಯಾಗಿದ್ದರೂ ಚಕ್ರದ ಕೆಳಗಿನ ರಸ್ತೆ ಕಾಣದಂತಾಗುವುದು ಇದರಿಂದಲೇ.

ವಿಶೇಷವಾಗಿ ಮೂರು ತುಣುಕುಗಳ ಸ್ಥಿತಿಯನ್ನು ನೋಡಬೇಕು: ಥಿಂಗ್‌ವೆಲ್ಲಿರ್‌ಗೆ ಹೋಗುವಾಗ ಸಿಗುವ ಮೋಸ್‌ಫೆಲ್ಸ್‌ಹೇಯ್ಡಿ, ಅಲ್ಲಿಂದ ಲೌಗರ್‌ವಾಟ್ನ್ ಎಂಬ ಹಳ್ಳಿಗೆ ದಾಟಿಸುವ ಲಿಂಗ್‌ಡಾಲ್ಸ್‌ಹೇಯ್ಡಿ, ಮತ್ತು ಸೆಲ್‌ಫಾಸ್‌ನಿಂದ ಮರಳುವಾಗಿನ ಹೆಲ್ಲಿಸ್‌ಹೇಯ್ಡಿ. ‘ಹೇಯ್ಡಿ’ ಎಂದರೆ ಬೋಳು ದಿಣ್ಣೆ. ಪಟ್ಟಣದಲ್ಲಿ ಮಳೆ ಹನಿಯುವಾಗ ಈ ದಿಣ್ಣೆಗಳ ಮೇಲೆ ಹಿಮಬಿರುಗಾಳಿ ಇರಬಹುದು. ಹೆಲ್ಲಿಸ್‌ಹೇಯ್ಡಿಯನ್ನು ಒಂದು ಚಳಿಗಾಲದಲ್ಲಿ ಹಲವು ಸಲ ಮುಚ್ಚುತ್ತಾರೆ. ಸಂಜೆ ನೀವು ಮನೆಗೆ ಬರಬೇಕಾದ ದಾರಿ ಅದೇ ಆದ್ದರಿಂದ, ಬೆಳಿಗ್ಗೆ ಮೊದಲು ನೋಡಬೇಕಾದದ್ದು ಸಂಜೆ ನಾಲ್ಕರ ಹೊತ್ತಿಗೆ ಅಲ್ಲಿ ಗಾಳಿ ಎಷ್ಟಿರುತ್ತದೆ ಎಂಬುದನ್ನು.

ಹೊರಡುವ ಮುನ್ನ ನಿಮ್ಮ ದಾರಿ ಮತ್ತು ಮರಳುವ ಹೊತ್ತನ್ನು ಉಳಿದುಕೊಂಡಿರುವ ಮನೆಯವರಿಗೋ ಹೋಟೆಲಿನ ಸ್ವಾಗತಕಾರರಿಗೋ ತಿಳಿಸಿ. ಬೆಂಗಳೂರಿನಲ್ಲಿರುವ ಅಮ್ಮನಿಗೆ ಹೇಳಿದರೆ ಆಕೆಗೆ ನಿದ್ದೆ ಕೆಡುತ್ತದೆ, ನಿಮಗೆ ಅದರಿಂದ ಪ್ರಯೋಜನವಿಲ್ಲ.

ಹಂತ 5: ಉಡುಪು

ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿದು ಮೈಯ ಶಾಖವನ್ನು ಸೋರಿಸುತ್ತದೆ. ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್, ಅದರ ಮೇಲೆ ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್, ಎಲ್ಲಕ್ಕಿಂತ ಹೊರಗೆ ಗಾಳಿಯೂ ನೀರೂ ದಾಟದ ಜಾಕೆಟ್ ಮತ್ತು ಅಂಥದ್ದೇ ಪ್ಯಾಂಟು. ಹೊರಗಿನ ಪದರ ಸಡಿಲವಾದರೆ ಒಳಗಿನ ಎರಡು ಎಷ್ಟು ದಪ್ಪವಿದ್ದರೂ ವ್ಯರ್ಥ. ಉಷ್ಣಮಾಪಕ −5 ಡಿಗ್ರಿ ತೋರಿಸುತ್ತಿರುವಾಗ ಸೆಕೆಂಡಿಗೆ 15 ಮೀಟರ್ ಗಾಳಿ ಬೀಸಿದರೆ ಬರಿಮುಖಕ್ಕೆ ಅದು −15ರಷ್ಟು ಕೊರೆಯುತ್ತದೆ. ಜೀನ್ಸ್ ಒಂದನ್ನೇ ತೊಟ್ಟು ಬಂದವರನ್ನು ಗುಲ್‌ಫಾಸ್‌ನಲ್ಲಿ ದೂರದಿಂದಲೇ ಗುರುತಿಸಬಹುದು: ಅವರು ನಡೆಯುತ್ತಿರುವುದು ಜಲಪಾತದ ಕಡೆಗಲ್ಲ, ಕೆಫೆಯ ಕಡೆಗೆ.

ನಮ್ಮ ಮಾವನವರು ಮೈಸೂರಿನಿಂದ ತಂದಿದ್ದ ಮಂಕಿ ಕ್ಯಾಪನ್ನು ಕಂಡು ಮಕ್ಕಳು ನಕ್ಕಿದ್ದರು. ಕಿವಿ, ಗದ್ದ, ಕತ್ತು ಮೂರನ್ನೂ ಒಂದೇ ವಸ್ತು ಮುಚ್ಚುವುದರಿಂದ ಗಾಳಿಯಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ ಎಂದು ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಒಪ್ಪಿಕೊಂಡರು. ಕೈಗವಸು ಎರಡು ಜೊತೆ ಇರಲಿ, ಒಂದು ಒದ್ದೆಯಾದರೆ ಇನ್ನೊಂದು. ಸೀರೆ ಉಡುವ ಹಿರಿಯರು ಆ ಒಂದು ದಿನದ ಮಟ್ಟಿಗೆ ಪ್ಯಾಂಟು ತೊಡುವಂತೆ ಒಪ್ಪಿಸಿ. ಗಾಳಿಗೆ ಸೆರಗು ಹಾರುವುದಕ್ಕಿಂತ ಜಾರುವ ಮೆಟ್ಟಿಲಿನಲ್ಲಿ ನೆರಿಗೆ ಕಾಲಿಗೆ ಸಿಕ್ಕುವುದು ದೊಡ್ಡ ಅಪಾಯ.

ಪಾದರಕ್ಷೆಯ ವಿಷಯದಲ್ಲಿ ಜಿಪುಣತನ ಬೇಡ. ನೀರು ಹೋಗದ, ಪಾದದ ಗಂಟಿನ ಮೇಲಿನವರೆಗೂ ಹಿಡಿಯುವ ಬೂಟು ಬೇಕು, ಉಣ್ಣೆಯ ಕಾಲುಚೀಲ ಹಾಕಿದ ಮೇಲೂ ಅದರೊಳಗೆ ಬೆರಳುಗಳು ಆಡುವಂತಿರಬೇಕು. ಅದರ ಮೇಲೆ ರಬ್ಬರ್ ಪಟ್ಟಿಯಿಂದ ಏರಿಸಿಕೊಳ್ಳುವ ಮುಳ್ಳಿನ ಸರಪಣಿ, ಅಂಗಡಿಯವರು ಮೈಕ್ರೋಸ್ಪೈಕ್ ಎನ್ನುವ ಅದನ್ನು, ಪ್ರತಿಯೊಬ್ಬರಿಗೂ ಒಂದು ಜೊತೆ ಕೊಳ್ಳಿ. ಇಡೀ ಪ್ರವಾಸದಲ್ಲಿ ಕೊಟ್ಟ ಹಣಕ್ಕೆ ಅದರಷ್ಟು ಉಪಯೋಗಕ್ಕೆ ಬಂದ ವಸ್ತು ನನಗೆ ಬೇರೊಂದಿಲ್ಲ. ಕಟ್ಟಡದ ಒಳಗೆ ಹೋಗುವಾಗ ಮಾತ್ರ ಬಿಚ್ಚಬೇಕು, ನುಣುಪಾದ ಟೈಲ್ಸ್ ಮೇಲೆ ಆ ಮುಳ್ಳುಗಳೇ ಜಾರಿಸುತ್ತವೆ.

ಮಂಜುಗಡ್ಡೆಯ ಮೇಲೆ ನಡೆಯುವ ಕ್ರಮ ಮಲೆನಾಡು, ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಆಷಾಢದಲ್ಲಿ ಪಾಚಿ ಕಟ್ಟಿದ ಅಂಗಳ ದಾಟುವಾಗ ಹೇಗೆ ಮೊಣಕಾಲು ತುಸು ಬಾಗಿಸಿ, ಪಾದವನ್ನು ಪೂರ್ತಿ ಊರಿ, ಸಣ್ಣ ಹೆಜ್ಜೆ ಇಟ್ಟು, ಕೈಗಳನ್ನು ಬಿಡುವಾಗಿಟ್ಟು ನಡೆಯುತ್ತೇವೆಯೋ ಹಾಗೆಯೇ. ಕೈಗಳು ಜೇಬಿನಲ್ಲಿರಬಾರದು.

ಹಂತ 6: ಕಾರಿನಲ್ಲಿ ಇರಬೇಕಾದದ್ದು

ಪೆಟ್ರೋಲ್ ಟ್ಯಾಂಕನ್ನು ಹಿಂದಿನ ಸಂಜೆಯೇ ತುಂಬಿಸಿ, ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ. ಹೆಚ್ಚಿನ ಬಂಕುಗಳಲ್ಲಿ ಸಿಬ್ಬಂದಿ ಇರುವುದಿಲ್ಲ. ಯಂತ್ರಕ್ಕೆ ಕಾರ್ಡು ತೂರಿಸಿ ಪಿನ್ ಒತ್ತಬೇಕು. ಹೊರದೇಶದ ವಹಿವಾಟಿಗೆ ಕಾರ್ಡು ತೆರೆದಿದೆಯೇ, ಪಿನ್ ನೆನಪಿದೆಯೇ ಎಂಬುದನ್ನು ಊರಿನಲ್ಲೇ ಪರೀಕ್ಷಿಸಿ ಹೊರಡಿ.

ಗಾಜಿನ ಹಿಮ ಕೆರೆಯುವ ಸಲಕರಣೆ ಮತ್ತು ಬ್ರಷ್ಷು, ಚಿಕ್ಕ ಸಲಿಕೆ, ಕಂಬಳಿ, ತಲೆಗೆ ಕಟ್ಟುವ ಟಾರ್ಚು, ಕಾರಿನಲ್ಲಿ ಚಾರ್ಜು ಮಾಡುವ ವೈರು, ಪವರ್ ಬ್ಯಾಂಕು. ಚಳಿಗೆ ಫೋನಿನ ಬ್ಯಾಟರಿ ನೋಡನೋಡುತ್ತಲೇ ಇಳಿಯುವುದರಿಂದ ಫೋನು ಮೈಗೆ ಹತ್ತಿರದ ಒಳಜೇಬಿನಲ್ಲಿರಲಿ. ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಅಥವಾ ಕಷಾಯ. ತಿನ್ನಲು ಚಪಾತಿ, ಚಟ್ನಿಪುಡಿ, ಕಡಲೆಕಾಯಿ ಚಿಕ್ಕಿ, ಹುರಿದ ಅವಲಕ್ಕಿ. ಇವು ಯಾವುವೂ ಹೆಪ್ಪುಗಟ್ಟುವುದಿಲ್ಲ. ನೀರು ಕೊಳ್ಳುವ ಅಗತ್ಯವಿಲ್ಲ, ಅಲ್ಲಿಯ ನಲ್ಲಿಯ ತಣ್ಣೀರು ಬಲು ಶುದ್ಧ. ಬಿಸಿನೀರು ಭೂಗರ್ಭದಿಂದ ಬರುವುದರಿಂದ ಗಂಧಕದ ವಾಸನೆ ಇರುತ್ತದೆ, ಅದನ್ನು ಕುಡಿಯಲು ಹಿಡಿಯಬೇಡಿ.

ಹಂತ 7: ಆ ದಿನ

ಫೆಬ್ರವರಿ ಮಧ್ಯದ ಒಂದು ದಿನವೆಂದು ಇಟ್ಟುಕೊಳ್ಳೋಣ. ಸೂರ್ಯಾಸ್ತ 6ಕ್ಕೆ. ಹೆಲ್ಲಿಸ್‌ಹೇಯ್ಡಿಯನ್ನು 5ರ ಒಳಗೆ ದಾಟಿರಬೇಕು. ಹಾಗಾದರೆ ಸೆಲ್‌ಫಾಸ್ ಬಿಡುವುದು 4.15ಕ್ಕೆ, ಗುಲ್‌ಫಾಸ್ ಬಿಡುವುದು ತಡವೆಂದರೆ 2.30ಕ್ಕೆ. ಈ 2.30 ಎಂಬುದನ್ನು ಫೋನಿನ ಅಲಾರಾಂಗೆ ಹಾಕಿ. ಅದು ಬಾರಿಸಿದಾಗ ನೀವು ಎಲ್ಲಿದ್ದರೂ, ಗುಲ್‌ಫಾಸ್ ತಲುಪದೆ ಗೇಸಿರ್‌ನಲ್ಲೇ ಇದ್ದರೂ, ಮರಳುವ ದಾರಿ ಹಿಡಿಯಬೇಕು.

ಬೆಳಿಗ್ಗೆ 8.30ರ ಮಬ್ಬಿನಲ್ಲಿ ಹೊರಟರೆ 9.30ರ ಹೊತ್ತಿಗೆ ಥಿಂಗ್‌ವೆಲ್ಲಿರ್. ಕ್ರಿ.ಶ. 930ರಲ್ಲಿ ‘ಆಲ್‌ಥಿಂಗ್’ ಎಂಬ ಜನಸಭೆ ಸೇರಲು ಆರಂಭಿಸಿದ್ದು ಇಲ್ಲಿ, 1944ರ ಜೂನ್ 17ರಂದು ಗಣರಾಜ್ಯ ಘೋಷಣೆಯಾದದ್ದೂ ಇಲ್ಲಿ. 2004ರಿಂದ ಇದು ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಉತ್ತರ ಅಮೆರಿಕ ಮತ್ತು ಯುರೇಷಿಯಾದ ಭೂಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ದೂರ ಸರಿಯುತ್ತಿರುವುದರಿಂದ ನೆಲ ಇಲ್ಲಿ ಉದ್ದಕ್ಕೆ ಸೀಳಿಕೊಂಡಿದೆ. ಆಲ್ಮನ್ನಗ್ಯಾವ್ ಎಂಬ ದೊಡ್ಡ ಬಿರುಕಿನೊಳಗಿನ ದಾರಿಯಲ್ಲಿ ಗಾಳಿ ಕಡಿಮೆ, ಜಾರು ಹೆಚ್ಚು. ಗುರುತು ಹಾಕಿದ ದಾರಿ ಬಿಟ್ಟು ಹಿಮದ ಮೇಲೆ ಅಡ್ಡ ಹೋಗಬೇಡಿ. ಹಿಮದ ಹಾಸಿನ ಕೆಳಗೆ ಸಣ್ಣ ಸೀಳುಗಳು ಅಡಗಿರುತ್ತವೆ. ವಾಹನ ನಿಲುಗಡೆಗೆ ಶುಲ್ಕವಿದೆ. ಒಂದೂವರೆ ಗಂಟೆ ಇಲ್ಲಿಗೆ ಸಾಕು.

ಹನ್ನೆರಡರ ಹೊತ್ತಿಗೆ ಗೇಸಿರ್. ಇಂಗ್ಲಿಷಿನ ‘ಗೀಸರ್’ ಪದ ಹುಟ್ಟಿದ್ದು ಈ ಚಿಲುಮೆಯ ಹೆಸರಿನಿಂದಲೇ, ನಮ್ಮ ಬಚ್ಚಲುಮನೆಗಳ ಗೀಸರಿನ ತವರು ಇದು ಎನ್ನಬಹುದು. ಹಳೆಯ ಗೇಸಿರ್ ಈಗ ಬಹುಪಾಲು ಸುಮ್ಮನಿರುತ್ತದೆ. ಪಕ್ಕದ ಸ್ಟ್ರೊಕ್ಕುರ್ ಐದು ಹತ್ತು ನಿಮಿಷಕ್ಕೊಮ್ಮೆ ಚಿಮ್ಮುತ್ತದೆ. ಬಾವಿಯಲ್ಲಿ ನೀರು ಉಸಿರಾಡಿದಂತೆ ಏರಿಳಿಯುತ್ತಿರುತ್ತದೆ. ಒಂದು ಗಳಿಗೆ ಇಡೀ ಮೇಲ್ಮೈ ನೀಲಿ ಗುಮ್ಮಟದ ಹಾಗೆ ಉಬ್ಬಿ ನಿಲ್ಲುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಒಡೆದು 15–20 ಮೀಟರ್ ಎತ್ತರದ ಬಿಳಿ ಕಂಬವಾಗುತ್ತದೆ. ಫೋಟೋದವರು ಕಾಯಬೇಕಾದದ್ದು ಆ ನೀಲಿ ಉಬ್ಬಿಗಾಗಿ. ಹೀಗೆ ಚಿಮ್ಮಿದ ನೀರು ಗಾಳಿ ಬೀಸುವ ಕಡೆಗೆ ಬಿದ್ದು ಸುತ್ತಲೂ ಹೆಪ್ಪುಗಟ್ಟುತ್ತದೆ, ಇಡೀ ದಿನದ ಅತ್ಯಂತ ಜಾರುವ ನೆಲ ಅದೇ. ಗಾಳಿ ಬರುವ ದಿಕ್ಕಿನಲ್ಲಿ ನಿಂತರೆ ನೀರೂ ತಾಗದು, ಕಾಲೂ ಜಾರದು. ಕಟ್ಟಿದ ಹಗ್ಗವನ್ನು ಯಾವ ಕಾರಣಕ್ಕೂ ದಾಟಬಾರದು; ಅದರಾಚೆಯ ನೆಲ ತೆಳು, ಕೆಳಗಿನ ನೀರು ಕುದಿಯುವಷ್ಟು ಬಿಸಿ. ಮಕ್ಕಳು ಕೈ ಅದ್ದಿ ನೋಡುವ ಸಣ್ಣ ತೊರೆಗಳೂ ಸುಡುತ್ತವೆ.

ಊಟವನ್ನು ಇಲ್ಲಿಯೇ ಮುಗಿಸಿದರೆ ಹೊತ್ತು ಉಳಿಯುತ್ತದೆ. ಸಸ್ಯಾಹಾರಿಗಳಿಗೆ ಇನ್ನೊಂದು ಜಾಗವಿದೆ: ಹತ್ತಿರದ ರೇಕ್‌ಹೋಲ್ಟ್‌ನಲ್ಲಿ ಫ್ರಿದ್‌ಹೇಮರ್ ಎಂಬ ಟೊಮೆಟೊ ಹಸಿರುಮನೆಯೊಳಗೆ, ಹೊರಗೆ ಹಿಮವಿರುವಾಗ ಗಿಡಗಳ ನಡುವೆಯೇ ಕೂರಿಸಿ ಟೊಮೆಟೊ ಸೂಪು, ಬ್ರೆಡ್ಡು ಬಡಿಸುತ್ತಾರೆ. ಮೊದಲೇ ಕಾದಿರಿಸದಿದ್ದರೆ ಜಾಗ ಸಿಗುವುದು ಕಷ್ಟ.

ಗುಲ್‌ಫಾಸ್‌ನಲ್ಲಿ ಹ್ವೀಟಾ ನದಿ ಎರಡು ಮೆಟ್ಟಿಲಾಗಿ, 11 ಮತ್ತು 21 ಮೀಟರ್, ಒಟ್ಟು 32 ಮೀಟರ್ ಧುಮುಕುತ್ತದೆ. ಎತ್ತರದಲ್ಲಿ ಜೋಗದ ಮುಂದೆ ಇದು ಏನೂ ಅಲ್ಲ. ಆದರೆ ಅಂಚಿನುದ್ದಕ್ಕೂ ಹೆಪ್ಪುಗಟ್ಟಿದ ಬಿಳಿಯ ನಡುವೆ ನೀರು ಒಂದು ಸೀಳಿನೊಳಗೆ ಇಳಿದು ಮಾಯವಾಗುವ ನೋಟ ಬೇರೆಯದೇ. ಜಲಪಾತದ ಪಕ್ಕಕ್ಕೆ ಒಯ್ಯುವ ಕೆಳದಾರಿಯನ್ನು ಚಳಿಗಾಲದಲ್ಲಿ ಬಹಳ ದಿನ ಮುಚ್ಚಿರುತ್ತಾರೆ. ಸರಪಣಿಯ ಮೇಲಿಂದ ದಾಟಿ ಇಳಿಯುವವರು ನಿಮಗೂ ಕಾಣಸಿಗುತ್ತಾರೆ, ಅವರ ಹಿಂದೆ ಹೋಗಬೇಡಿ. ತುಂತುರು ಅಲ್ಲಿ ಕಲ್ಲಿನ ಮೇಲೆ ಪದರಪದರವಾಗಿ ಹೆಪ್ಪುಗಟ್ಟಿರುತ್ತದೆ, ಅಂಚಿನಾಚೆ ಹಿಡಿದುಕೊಳ್ಳಲು ಏನೂ ಇಲ್ಲ. ಮೇಲಿನ ಕಟ್ಟೆಯಿಂದ ಕಾಣುವ ನೋಟವೇ ಸಾಕಷ್ಟು ಚೆನ್ನಾಗಿದೆ.

ಹೊತ್ತು ಉಳಿದಿದ್ದರೆ ಮಾತ್ರ ಮರಳುವಾಗ ಕೆರಿದ್ ಎಂಬ ಜ್ವಾಲಾಮುಖಿ ಕುಳಿಯ ಬಳಿ ಹದಿನೈದು ನಿಮಿಷ ನಿಲ್ಲಿ.

ಹಂತ 8: ಚಕ್ರದ ಹಿಂದೆ

ಪಟ್ಟಣದ ಹೊರಗೆ ಡಾಂಬರು ರಸ್ತೆಯ ವೇಗಮಿತಿ ಗಂಟೆಗೆ 90 ಕಿಲೋಮೀಟರ್. ಅದು ಒಣರಸ್ತೆಯ ಮಾತು. ಜಾರು ಇದ್ದರೆ 50–60 ಸಾಕು. ಹಗಲಿನಲ್ಲೂ ದೀಪ ಹಚ್ಚಿರುವುದು ಕಡ್ಡಾಯ. ಬ್ರೇಕು, ಸ್ಟೀರಿಂಗು, ಆಕ್ಸಿಲರೇಟರು ಮೂರನ್ನೂ ತುಂಬಿದ ಕೊಡ ಹೊತ್ತವರಂತೆ ನಿಧಾನವಾಗಿ ಬಳಸಬೇಕು. ಹಿಂಬದಿ ಜಾರಿದರೆ ಬ್ರೇಕ್ ಒತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಹೋಗಬೇಕಾದ ಕಡೆಗೆ ಕಣ್ಣಿಟ್ಟು ಸ್ಟೀರಿಂಗನ್ನು ಅತ್ತ ಮೆಲ್ಲಗೆ ತಿರುಗಿಸಿ. ಸೇತುವೆಗಳ ಮೇಲೆ ವಿಶೇಷ ಎಚ್ಚರ ಬೇಕು, ಕೆಳಗಿನಿಂದಲೂ ಗಾಳಿ ತಾಗುವುದರಿಂದ ಅವು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ.

ಫೋಟೋಕ್ಕೆಂದು ರಸ್ತೆಯ ಅಂಚಿನಲ್ಲಿ ನಿಲ್ಲಿಸಬೇಡಿ. ಹಿಮ ಮುಚ್ಚಿದ ಅಂಚಿನ ಕೆಳಗೆ ನೆಲವಿದೆಯೋ ಚರಂಡಿಯಿದೆಯೋ ತಿಳಿಯದು, ಹಿಂದಿನಿಂದ ಬರುವವರಿಗೆ ನಿಲ್ಲಿಸಲೂ ಆಗದು. ಈ ಮಾತು ಉತ್ತರದ ಬೆಳಕಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಹಸಿರು ತೆರೆ ಆಕಾಶದಲ್ಲಿ ಆಡತೊಡಗಿದಾಗ ಚಾಲಕನ ಕಣ್ಣು ರಸ್ತೆ ಬಿಟ್ಟು ಮೇಲೆ ಹೋಗುವುದು ಸಹಜ. ಹಾಗಾಗಿ ದಿನವೆಲ್ಲ ಓಡಿಸಿ ದಣಿದವರು ಅದೇ ರಾತ್ರಿ ಅದನ್ನು ಹುಡುಕಿಕೊಂಡು ಕಾರು ತೆಗೆಯಬಾರದು. ಇನ್ನೊಂದು ರಾತ್ರಿ ಬಸ್ಸಿನಲ್ಲಿ ಹೋಗಬಹುದು.

ಹಂತ 9: ಕೆಟ್ಟರೆ

ತುರ್ತು ಕರೆಯ ಸಂಖ್ಯೆ 112. ಕಾರು ಹಿಮದಲ್ಲಿ ಸಿಕ್ಕಿಕೊಂಡರೆ ಇಳಿದು ನಡೆದು ಹೋಗಬೇಡಿ, ಕಾರಿನಲ್ಲೇ ಇರಿ. ಅದನ್ನು ಹುಡುಕುವುದು ಸುಲಭ, ಬಿರುಗಾಳಿಯಲ್ಲಿ ನಡೆಯುವ ಮನುಷ್ಯನನ್ನು ಹುಡುಕುವುದು ಬಹಳ ಕಷ್ಟ. ಬೆಚ್ಚಗಾಗಲು ಎಂಜಿನ್ ಚಾಲೂ ಮಾಡುವ ಮೊದಲು ಹಿಂದಿನ ಹೊಗೆಕೊಳವೆಯ ಸುತ್ತಲಿನ ಹಿಮವನ್ನು ಸಲಿಕೆಯಿಂದ ತೆಗೆಯಿರಿ; ಕೊಳವೆ ಮುಚ್ಚಿದ್ದರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿ, ವಾಸನೆಯೂ ಬಾರದೆ ಪ್ರಾಣ ತೆಗೆಯುತ್ತದೆ. ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಕಿಟಕಿಯನ್ನು ಎಳೆಯಷ್ಟು ತೆರೆದಿಡಿ, ಕೊಳವೆಯನ್ನು ಆಗಾಗ ನೋಡಿ.

ಜೊತೆಯವರನ್ನು ಮಾತನಾಡಿಸುತ್ತಿರಿ. ಮಾತು ತೊದಲುವುದು, ಕಾಲು ಎಡವುವುದು, ಇದ್ದಕ್ಕಿದ್ದಂತೆ ಮಂಕಾಗುವುದು, ಅದುವರೆಗೆ ನಡುಗುತ್ತಿದ್ದವರು ನಡುಕ ನಿಲ್ಲಿಸುವುದು ಮೈಯ ಶಾಖ ಅಪಾಯದ ಮಟ್ಟಕ್ಕೆ ಇಳಿದ ಲಕ್ಷಣಗಳು. ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಸುತ್ತಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಟ್ಟು 112ಕ್ಕೆ ಕರೆ ಮಾಡಿ. ಮದ್ಯ ಕೊಡಬಾರದು. ಬೆರಳು, ಮೂಗಿನ ತುದಿ ಬಿಳಿಚಿ ಸ್ಪರ್ಶಜ್ಞಾನ ಹೋಗಿದ್ದರೆ ಉಜ್ಜಬೇಡಿ. ಒಳಗೆ ಕರೆದೊಯ್ದು ಮೈಯ ಶಾಖದಿಂದ ನಿಧಾನವಾಗಿ ಬೆಚ್ಚಗಾಗಿಸಿ.

ನೆರವಿಗೆ ಬರುವವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು, ತಮ್ಮ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೊರಟು ಬಂದವರು. ಅವರ ತಂಡಗಳ ಖರ್ಚಿನ ದೊಡ್ಡ ಪಾಲು ಹೊಸವರ್ಷದ ಪಟಾಕಿ ಮಾರಾಟದಿಂದ ಬರುತ್ತದೆ. ಮುಚ್ಚಿದ ರಸ್ತೆಯ ಗೇಟಿನ ಪಕ್ಕದಿಂದ ನುಸುಳಿ ಹೋಗಿ ಅವರನ್ನು ಕರೆಸುವುದು ನಾಚಿಕೆಗೇಡು.

ಹಂತ 10: ಹೋಗದ ದಿನ

ಐದು ದಿನ ಇರುವವರು ಈ ಸುತ್ತನ್ನು ಮೊದಲ ದಿನಗಳಲ್ಲೇ ಇಟ್ಟುಕೊಂಡರೆ, ಹವೆ ಕೆಟ್ಟಾಗ ಮುಂದೂಡಲು ದಿನಗಳು ಉಳಿದಿರುತ್ತವೆ. ಕೊನೆಯ ದಿನಕ್ಕೆ ಇಟ್ಟವರು ಮರುದಿನ ವಿಮಾನವಿದೆ ಎಂಬ ಒಂದೇ ಕಾರಣಕ್ಕೆ ಕೆಟ್ಟ ಹವೆಯಲ್ಲೂ ಹೊರಡುತ್ತಾರೆ.

ರದ್ದಾದ ದಿನವನ್ನು ರೇಕ್ಯಾವಿಕ್‌ನಲ್ಲೇ ಕಳೆಯಬಹುದು. 74.5 ಮೀಟರ್ ಎತ್ತರದ ಹಾಲ್‌ಗ್ರಿಮ್ಸ್ ಚರ್ಚಿನ ಗೋಪುರಕ್ಕೆ ಲಿಫ್ಟ್ ಇದೆ, ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ನನ್ನ ಆಯ್ಕೆ ಲೌಗರ್‌ಡಾಲ್ಸ್‌ಲೌಗ್ ಎಂಬ ಸಾರ್ವಜನಿಕ ಈಜುಕೊಳ. ಅದು ಬಯಲಿನಲ್ಲೇ ಇದ್ದು ಚಳಿಗಾಲದಲ್ಲೂ ತೆರೆದಿರುತ್ತದೆ, ಪಕ್ಕದಲ್ಲಿ 40 ಡಿಗ್ರಿಯ ಆಸುಪಾಸಿನ ಬಿಸಿನೀರಿನ ತೊಟ್ಟಿಗಳಿವೆ. ನಮ್ಮವರಿಗೆ ಒಂದು ವಿಷಯ ಮೊದಲೇ ತಿಳಿದಿದ್ದರೆ ಒಳ್ಳೆಯದು: ಕೊಳಕ್ಕೆ ಇಳಿಯುವ ಮುನ್ನ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಇರುವ ಸ್ನಾನದ ಕೋಣೆಯಲ್ಲಿ, ಈಜುಡುಗೆಯಿಲ್ಲದೆ ಸೋಪು ಹಚ್ಚಿ ಸ್ನಾನ ಮಾಡುವುದು ಕಡ್ಡಾಯ, ತಪ್ಪಿಸಿಕೊಳ್ಳಲು ನೋಡಿದರೆ ಸಿಬ್ಬಂದಿ ವಾಪಸು ಕಳಿಸುತ್ತಾರೆ. ಆಮೇಲೆ ಕತ್ತಿನವರೆಗೆ ಬಿಸಿನೀರು, ತಲೆಯ ಮೇಲೆ ಬೀಳುವ ಹಿಮ. ತೊಟ್ಟಿಯಲ್ಲಿ ಕುಳಿತ ಊರಿನವರ ಮಾತು ಬಹುಪಾಲು ಹವೆಯದೇ ಆಗಿರುತ್ತದೆ. ಹೆಲ್ಲಿಸ್‌ಹೇಯ್ಡಿ ನಾಳೆ ತೆರೆಯಬಹುದೇ ಎಂದು ಅವರನ್ನೇ ಕೇಳಿ.